ಅರ್ಧ ನಿನಗೆ, ಅರ್ಧ ನನಗೆ

ಹನ್ನೊಂದು ವರ್ಷ ಹಾಂಗ್‌ಕಾಂಗಿನಲ್ಲಿ ಬೇರೆಯವರ ಮನೆಯ ಪಾತ್ರೆ ತೊಳೆದು ಬಂದ ಲಾಸ್ಮಿಗೆ ಸ್ವಂತ ಮನೆಯ ಪಾತ್ರೆ ತೊಳೆಯಲು ಬರುವುದಿಲ್ಲ ಎಂದು ತೀರ್ಮಾನವಾದದ್ದು ಅವಳು ತನ್ನೂರು ತುಲುಂಗಾಗುಂಗಿಗೆ ಬಂದಿಳಿದ ನಾಲ್ಕನೆಯ ದಿನ. ತೀರ್ಪು ಕೊಟ್ಟವಳು ಅವಳ ತಾಯಿ ಪೊನಿರಾ.

"ಒಂದು ಬಾಟ್ಲಿ ಸೋಪು ನಾಲ್ಕೇ ದಿನಕ್ಕೆ! ಪಾತ್ರೆ ತೊಳೀತೀಯೋ, ಪಾತ್ರೆಗೆ ಸ್ನಾನ ಮಾಡಿಸ್ತೀಯೋ?"

"ಜಿಡ್ಡು ಹೋಗ್ಬೇಡ್ವಾ ಅವ್ವಾ? ಈ ಕಡಲೆಕಾಯಿ ಚಟ್ನಿ ಒರಳು ನೋಡು, ಮೂಸಿದ್ರೆ ನನ್ನ ಮದುವೆ ದಿನದ ವಾಸನೆ ಬರುತ್ತೆ."

"ಆ ವಾಸನೆಗೇ ಜನ ಬರೋದು ಕಣೇ. ಮೂವತ್ತು ವರ್ಷದಿಂದ ಇದೇ ಒರಳಲ್ಲಿ ರುಬ್ಬಿ ಪೆಚೆಲ್ ಮಾರಿದೀನಿ. ಅದನ್ನ ಬಿಳುಪು ಮಾಡಿಟ್ಟಿದೀಯ, ಆಸ್ಪತ್ರೆ ಸಾಮಾನಿನ ಥರ."

ಪೊನಿರಾ ಬೆಳಿಗ್ಗೆ ಐದಕ್ಕೆಲ್ಲ ಮನೆಯ ಮುಂದೆ ಮೇಜು ಹಾಕಿ, ಬೇಯಿಸಿದ ಸೊಪ್ಪು, ಅನ್ನ, ಮೇಲೆ ಚಟ್ನಿ ಸುರಿದು ಬಾಳೆ ಎಲೆಯಲ್ಲಿ ಪೆಚೆಲ್ ಕಟ್ಟಿ ಕೊಡುವವಳು. ಲಾಸ್ಮಿ ಕಳಿಸಿದ ದುಡ್ಡಿನಿಂದ ಮನೆಗೆ ಹೆಂಚು ಬಂತು, ನೆಲಕ್ಕೆ ಟೈಲ್ಸ್ ಬಂತು, ಮುದುಕಿಯ ಮೇಜು ಮಾತ್ರ ಇದ್ದಲ್ಲೇ ಇತ್ತು. ತಂದೆ ಸಾದಿಕುನ್ ಈ ಜಗಳಗಳಿಗೆ ತಲೆ ಹಾಕುವ ಮನುಷ್ಯನಲ್ಲ. ಬೆಳಿಗ್ಗೆ ಎಂಟಕ್ಕೆ ಕಾಫಿ ಅಂಗಡಿಗೆ ಹೋಗಿ ಕೂತರೆ, ಲೋಟದ ತಳದ ಗಸಿಯಲ್ಲಿ ಹಲ್ಲುಕಡ್ಡಿ ಅದ್ದಿ ಸಿಗರೇಟಿನ ಮೇಲೆ ಬಳ್ಳಿ, ಎಲೆ ಬರೆಯುತ್ತ ಮಧ್ಯಾಹ್ನ ಮಾಡುವನು. ಆ ಊರಿನ ಗಂಡಸರಿಗೆಲ್ಲ ಅದೊಂದು ದೊಡ್ಡ ಕಸುಬು. ಬರೆದದ್ದನ್ನು ಮನೆಗೆ ತಂದು ಟಿ.ವಿ. ಮೇಲೆ ಒಣಗಲು ಸಾಲಾಗಿ ಇಡುತ್ತಿದ್ದ. ಲಾಸ್ಮಿ ಎರಡು ಸಲ ಅವನ್ನು ಕಸವೆಂದು ಗುಡಿಸಿ ಹಾಕಿದಳು. ಮೂರನೆಯ ಸಲ ಅವನೂ ಬಾಯಿ ಬಿಟ್ಟ.

"ನನ್ನ ಮಗಳು ಬಂದ್ಲು ಅಂದ್ಕೊಂಡೆ. ಬಂದಿರೋದು ಇನ್ಸ್‌ಪೆಕ್ಟರು."

ಇದನ್ನೆಲ್ಲ ಲಾಸ್ಮಿ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಅಪ್ಪ ಅವ್ವ ಬೈದರೆ ಮನೆಗೆ ಬಂದ ಹಾಗೆಯೇ ಅನ್ನಿಸುತ್ತಿತ್ತು. ಅವಳ ಹೊಟ್ಟೆಗೆ ಹೋಗದೆ ಗಂಟಲಲ್ಲೇ ನಿಂತದ್ದು ಮಗಳ ಮರ್ಯಾದೆ. ಹದಿನೇಳರ ನಾವಂಗ್ ಅಜ್ಜಿಯನ್ನು 'ಅವ್ವ, ನೀನು' ಎಂದು ಏಕವಚನದಲ್ಲೇ ಗದರುವಳು. ಆರು ವರ್ಷದವಳಿದ್ದಾಗ ಬಿಟ್ಟುಹೋದ ಹೆತ್ತವಳಿಗೆ 'ಅಮ್ಮ, ನೀವು ಊಟ ಮಾಡಿ, ನೀವು ಕೂತ್ಕೊಳ್ಳಿ.' ಮೇಷ್ಟರ ಹೆಂಡತಿಗೆ ಹೇಳಿದ ಹಾಗೆ. ಹೇಳಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ರೂಮಿಗೆ ಹೋದರೆ ಮುಗಿಯಿತು.

ಫೋನಿನಲ್ಲಿ ಹೀಗಿರಲಿಲ್ಲ. ಅದನ್ನು ನೆನೆದರೇ ಲಾಸ್ಮಿಗೆ ಕಣ್ಣು ತುಂಬುತ್ತಿತ್ತು.

ಏಳು ವರ್ಷದ ಹಿಂದೆ, ನಾವಂಗ್‌ಗೆ ಹತ್ತು ವರ್ಷವಿದ್ದಾಗ, ಲಾಸ್ಮಿ ಅವಳಿಗೊಂದು ಹಳೆಯ ಫೋನ್ ಕಳಿಸಿದ್ದಳು. ಲಾಸ್ಮಿಯ ಫೋನಿನಲ್ಲಿ ಆಗ ಪಾಡ್‌ಕಾಸ್ಟ್ ಕೇಳುವ ಒಂದು ಆಪ್ ಇತ್ತು. ಯಜಮಾನರ ಮನೆಯಲ್ಲಿ ಕೆಲಸದ ಹೊತ್ತಿನಲ್ಲಿ ಫೋನಿನಲ್ಲಿ ಮಾತಾಡುವ ಹಾಗಿರಲಿಲ್ಲ. ಒಂದು ಕಿವಿಗೆ ಏನಾದರೂ ಸಿಕ್ಕಿಸಿಕೊಂಡು ಮೀನು ಬೇಯಿಸಿದರೆ ಯಾರ ಅಡ್ಡಿಯೂ ಇಲ್ಲ. ಮಗಳಿಗೆ ಬೇರೆ ಖಾತೆ ತೆರೆಯಲು ಬರಲಿಲ್ಲವೆಂದು ತನ್ನ ಗುಪ್ತಪದವನ್ನೇ ಹೇಳಿಕೊಟ್ಟಳು. ಒಂದೇ ಖಾತೆ, ಎರಡು ಫೋನು. ಲಾಸ್ಮಿ ಒಂದು ರಾತ್ರಿ ಪಾತ್ರೆ ಮುಗಿಸಿ, ದೆವ್ವದ ಕತೆಯೊಂದನ್ನು ಅರ್ಧ ಕೇಳಿ ನಿದ್ದೆ ಹೋದಳು. ಬೆಳಿಗ್ಗೆ ತುಲುಂಗಾಗುಂಗಿನಲ್ಲಿ ಮಗು ಗುಂಡಿ ಒತ್ತಿದರೆ, ಅಮ್ಮ ನಿಲ್ಲಿಸಿದಲ್ಲಿಂದಲೇ ಕತೆ ಶುರುವಾಯಿತು. ಹಿಂದಕ್ಕೆ ಎಳೆಯಬಹುದೆಂದು ಮಗುವಿಗೇನು ಗೊತ್ತು? ಕತೆಯೇ ಹಾಗೆ ಶುರುವಾಗುತ್ತದೆಂದು ತಿಳಿಯಿತು. ಭಾನುವಾರ ಫೋನಿನಲ್ಲಿ ಮೊದಲ ಮಾತೇ ಅದು.

"ಅಮ್ಮಾ, ಆ ಗಾಡಿಯವನು ಸ್ಮಶಾನಕ್ಕೆ ಯಾಕೆ ಹೋದ? ಅವನ ಎತ್ತು ಯಾರು ಕದ್ದಿದ್ದು?"

ಲಾಸ್ಮಿ ನಕ್ಕು ನಕ್ಕು ಸುಸ್ತಾಗಿ ಮೊದಲರ್ಧ ಹೇಳಿದಳು. ಮಗು ಉಳಿದರ್ಧ ಹೇಳಿತು. ಅಲ್ಲಿಂದ ಅದೇ ಪದ್ಧತಿ. ಅಮ್ಮ ರಾತ್ರಿ ಅರ್ಧ ಕೇಳಿ ನಿಲ್ಲಿಸುವುದು, ಮಗಳು ಬೆಳಿಗ್ಗೆ ಅಲ್ಲಿಂದ ಮುಂದಕ್ಕೆ ಕೇಳುವುದು, ಭಾನುವಾರ ಇಬ್ಬರೂ ಜೋಡಿಸಿಕೊಳ್ಳುವುದು. ರಜಾದಿನ ಪಾರ್ಕಿನಲ್ಲಿ ರಟ್ಟು ಹಾಸಿ ಕೂತ ಗೆಳತಿಯರು ಉಗುರಿಗೆ ಬಣ್ಣ ಹಚ್ಚುವುದನ್ನು ಬಿಟ್ಟು ಅವಳ ಸುತ್ತ ಸೇರುತ್ತಿದ್ದರು. "ಜೋರಾಗಿ ಹೇಳೇ, ನಾವೂ ಕೇಳ್ಬೇಕು" ಎನ್ನುವರು. ಲಾಸ್ಮಿ ದೆವ್ವದ ದನಿ ತೆಗೆದರೆ ಬ್ಲಿಟಾರ್ ಊರಿನ ಸುತಿನಿ ನಿಜವಾಗಿ ಹೆದರಿ ಅವಳ ತೋಳು ಹಿಡಿಯುತ್ತಿದ್ದಳು. ಆ ಒಂದು ಗಂಟೆಯಲ್ಲಿ ತಾನೊಬ್ಬ ಕೆಲಸದವಳು ಎನ್ನುವುದೇ ಅವಳಿಗೆ ಮರೆತುಹೋಗುತ್ತಿತ್ತು.

ಚಂದಾ ಹಾಕಿದ ಪಾಡ್‌ಕಾಸ್ಟುಗಳ ಪಟ್ಟಿ ವರ್ಷ ವರ್ಷ ಬೆಳೆಯಿತು. ಆರನೆಯ ಕ್ಲಾಸಿನಲ್ಲಿ ನಾವಂಗ್ ಲೆಕ್ಕದಲ್ಲಿ ಫೇಲಾದಾಗ ಸೇರಿದ್ದು ಒಂದು. ಬೆಕ್ಕು ಲಾರಿಗೆ ಸಿಕ್ಕಿ ಸತ್ತ ದಿನ, ಯಾರಿಗೂ ಹೇಳದೆ, 'ಬೆಕ್ಕುಗಳ ಆರೈಕೆ' ಎಂಬುದನ್ನು ಅವಳು ಸೇರಿಸಿದ್ದಳು. ಪಟ್ಟಿಯಲ್ಲಿ ಅದನ್ನು ಕಂಡು ಲಾಸ್ಮಿ ಹಾಂಗ್‌ಕಾಂಗಿನ ಅಡಿಗೆಮನೆಯಲ್ಲೇ ಏನೋ ಆಗಿದೆ ಎಂದು ಅರಿತಳು. ಒಮ್ಮೆ ಕತೆ ನಿಲ್ಲಿಸಿದ ಗುರುತು ಮೂರು ದಿನ ನಿಂತಲ್ಲೇ ನಿಂತಾಗ ಪಕ್ಕದ ಮನೆಗೆ ಫೋನ್ ಮಾಡಿದಳು, ಮಗಳಿಗೆ ಡೆಂಗಿ ಜ್ವರ. ಪೊನಿರಾ ಬರೀ ನೆಗಡಿ ಎಂದುಕೊಂಡಿದ್ದಳು. ಏಳು ವರ್ಷಕ್ಕೆ ನಲವತ್ತಮೂರು ಹೆಸರು. ಬೇರೆಯವರ ಮನೆಯಲ್ಲಿ ಗೋಡೆಗೆ ಫೋಟೋ ಇರುತ್ತದೆ. ಇವರಿಗೆ ಇದ್ದದ್ದು ಆ ಪಟ್ಟಿ.

ಈಗ ಒಂದೇ ಸೂರಿನಡಿ ಬಂದು ಐದು ವಾರವಾಗಿತ್ತು. ಒಂದು ಮಧ್ಯಾಹ್ನ ಬಟ್ಟೆ ಹಿಂಡುತ್ತ ಲಾಸ್ಮಿ ಫೋನ್ ನೋಡಿದಳು. 'ಬಾವಿ ಮನೆ' ಎಂಬ ಕತೆ ಹದಿನಾಲ್ಕನೆಯ ನಿಮಿಷದಲ್ಲಿ, ಅವಳು ನಿಲ್ಲಿಸಿದಲ್ಲೇ, ಒಂಬತ್ತು ದಿನದಿಂದ ನಿಂತಿತ್ತು. ಮಗಳ ಕಿವಿಯಿಂದ ಮಾತ್ರ ಇಯರ್‌ಫೋನ್ ಇಳಿದದ್ದೇ ಇಲ್ಲ. ಊಟಕ್ಕೆ ಕೂತಾಗ ಕೇಳಿದಳು.

"ನಾವಂಗ್, ಬಾವಿ ಮನೆ ಎಲ್ಲೀವರೆಗೆ ಕೇಳ್ದೆ?"

"ಅದಾ? ಮುಗಿಸ್ದೆ."

"ನನ್ನ ಫೋನಲ್ಲಿ ಹದಿನಾಲ್ಕರಲ್ಲೇ ನಿಂತಿದೆ?"

"ನಾನು ಬೇರೆ ಆಪಿಗೆ ಹೋದೆ ಅಮ್ಮ. ಆ ಹಳೇದು ತಿಂಗಳ ಕೊನೇಗೆ ಮುಚ್ಚುತ್ತಂತೆ. ನೀವು ನೋಟೀಸ್ ನೋಡ್ಲಿಲ್ವಾ?"

"ಹೋದೆ ಅಂದ್ರೆ? ನಮ್ಮ ಪಟ್ಟಿ?"

"ಪಟ್ಟೀನೂ ತಗೊಂಡೇ ಹೋದೆ. ಹಳೇದ್ರಿಂದ ಒಂದು ಫೈಲ್ ತೆಗೆದು ಹೊಸದಕ್ಕೆ ಹಾಕಿದ್ರೆ ಎಲ್ಲಾ ತಾವಾಗೇ ಹೋಗಿ ಕೂತ್ಕೊಳ್ತವೆ. ಎರಡು ನಿಮಿಷದ ಕೆಲಸ."

"ನಿನ್ನ ಹೆಸರಲ್ಲಾ?"

"ಮತ್ತೆ? ನನ್ನ ಫೋನು, ನನ್ನ ನಂಬರು."

ಲಾಸ್ಮಿಯ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. "ನಂಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?"

"ಈಗ ನೀವು ಇಲ್ಲೇ ಇದೀರಲ್ಲ. ಇನ್ನು ಅದೆಲ್ಲ ಯಾಕೆ?"

"ಇಲ್ಲೇ ಇದೀನಿ! ಇದ್ದು? ಬಂದು ಐದು ವಾರ ಆಯ್ತು, ನೀನು ನನ್ನ ಹತ್ರ ಹತ್ತು ಮಾತಾಡಿದೀಯಾ?"

"ನೀವು ಮಾತಾಡಿದೀರಾ? ಸೋಪು, ಕಸ, ಬಕೆಟ್ಟು. ಮೊನ್ನೆ ನನ್ನ ರೂಮಿಗೆ ಬಂದು ಏನು ಹೇಳಿದ್ರಿ? ದಿಂಬಿನ ಕವರು ವಾರಕ್ಕೆರಡು ಸಲ ಒಗೀಬೇಕು ಅಂದ್ರಿ. ಹೇಳಿ ಹೋದ್ರಿ."

"ಅಮ್ಮನ ಹತ್ರ ಹೀಗಾ ಮಾತಾಡೋದು?" ಎಂದ ಸಾದಿಕುನ್, ತಟ್ಟೆಯಿಂದ ತಲೆ ಎತ್ತದೆ.

"ಹೇಗೆ ಮಾತಾಡ್ಲಿ ತಾತಾ? ನಂಗೆ ಗೊತ್ತಿಲ್ಲ!"

ನಾವಂಗ್ ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ಹೋದಳು. ತೊಳೆದಳು ಕೂಡ, ಒಂದು ಹನಿ ಸೋಪಿಲ್ಲದೆ. ಪೊನಿರಾ ಲಾಸ್ಮಿಯ ತಟ್ಟೆಗೆ ಇನ್ನೊಂದು ತುಂಡು ಕರಿದ ಸೋಯಾಕಾಳಿನ ತೆಂಪೆ ಹಾಕಿದಳು. ಆ ಕನಿಕರದಿಂದ ಲಾಸ್ಮಿಗೆ ಬೈಗುಳಕ್ಕಿಂತ ಹೆಚ್ಚು ನೋವಾಯಿತು.

ಮರುದಿನ ಲಾಸ್ಮಿ ತಾನೇ ಪೇಟೆ ಬೀದಿಯ ಫೋನ್ ರೀಚಾರ್ಜ್ ಅಂಗಡಿಗೆ ಹೋದಳು. ಅಲ್ಲಿನ ಹುಡುಗಿ ಉಗುರು ಕಚ್ಚುತ್ತಲೇ ಹಳೆಯ ಆಪಿನಿಂದ ಫೈಲು ತೆಗೆದು ಹೊಸದಕ್ಕೆ ಹಾಕಿಕೊಟ್ಟಳು. ಹೆಸರುಗಳು ಒಂದೊಂದಾಗಿ ತೆರೆಯ ಮೇಲೆ ಬಂದು ಕೂತವು. ಲೆಕ್ಕದ ಪಾಠ, ಬೆಕ್ಕಿನ ಆರೈಕೆ, ದೆವ್ವದ ಕತೆ. ಲಾಸ್ಮಿ ಉಸಿರು ಬಿಟ್ಟಳು. ಆಮೇಲೆ ಒಂದನ್ನು ಒತ್ತಿ ನೋಡಿದರೆ, ಕಂತುಗಳೆಲ್ಲ ಮೊದಲಿಂದ ಕೊನೆಯವರೆಗೆ ಹೊಚ್ಚ ಹೊಸವು. ಒಂದರ ಮೇಲೂ ಗುರುತಿಲ್ಲ.

"ನಾವು ಕೇಳಿರೋದು ಎಲ್ಲಮ್ಮಾ? ಎಲ್ಲೀವರೆಗೆ ಕೇಳಿದೀವಿ ಅಂತ ಇರುತ್ತಲ್ಲ, ಆ ಗುರುತು?"

"ಅದು ಬರಲ್ಲ ಅಕ್ಕಾ. ಫೈಲಲ್ಲಿ ಹೆಸರು ಮಾತ್ರ ಹೋಗೋದು. ಎಲ್ಲಿ ನಿಲ್ಲಿಸಿದ್ರಿ ಅಂತ ಹಳೇದಕ್ಕೆ ಮಾತ್ರ ಗೊತ್ತು."

"ಅದು ಮುಚ್ಚಿದ್ಮೇಲೆ?"

"ಮುಚ್ಚಿದ್ಮೇಲೆ ಹೋಯ್ತು. ಅದರಲ್ಲೇನಿದೆ ಬಿಡಿ, ಮತ್ತೆ ಮೊದಲಿಂದ ಕೇಳಿ."

ಹುಡುಗಿ ಒಂದು ಕಾಫಿಯ ಬೆಲೆ, ಐದು ಸಾವಿರ ರೂಪಿಯಾ, ತೆಗೆದುಕೊಂಡಳು. ಲಾಸ್ಮಿ ರಸ್ತೆಯಲ್ಲಿ ನಿಂತು ಅತ್ತಳು. ಏಳು ವರ್ಷ ಯಾರೂ ಏನೂ ಕೇಳಿಯೇ ಇಲ್ಲವೆಂಬಂತೆ ಆ ಹೊಸ ಆಪು ಹಲ್ಲು ಕಿರಿಯುತ್ತಿತ್ತು. ಅದೇ ದಿನ ಸಂಜೆ, ಹಾಂಗ್‌ಕಾಂಗಿಗೆ ಕೆಲಸದವರನ್ನು ಕಳಿಸುವ ಏಜೆನ್ಸಿಯ ಹೆಂಗಸು ಫೋನ್ ಮಾಡಿದಳು. ಲಾಸ್ಮಿಯ ಹಳೆಯ ಯಜಮಾನತಿಯ ತಂಗಿಗೆ ಅವಳಿ ಮಕ್ಕಳಾಗಿದ್ದವು. ಲಾಸ್ಮಿಯೇ ಬೇಕಂತೆ, ಎರಡು ವರ್ಷಕ್ಕೆ. ಮೊದಲೂ ಒಮ್ಮೆ ಕೇಳಿದಾಗ ಲಾಸ್ಮಿ ಕಡ್ಡಿ ತುಂಡು ಮಾಡಿದಂತೆ ಇಲ್ಲವೆಂದಿದ್ದಳು. ಈ ಸಲ, "ಸೋಮವಾರ ಸುರಬಾಯಾಗೆ ಬಂದು ಡಾಕ್ಟರ ಪರೀಕ್ಷೆ ಮಾಡಿಸ್ಕೋತೀನಿ" ಎಂದಳು. ಅವಳಿಗೇ ತನ್ನ ದನಿ ಹಗುರಾದಂತೆ ಕೇಳಿಸಿತು. ಅಲ್ಲಿ ಕೆಲಸ ಯಾವುದೆಂದು ಗೊತ್ತು, ಭಾನುವಾರ ಯಾವತ್ತೆಂದು ಗೊತ್ತು. ಭಾನುವಾರ ಮಗಳು ಫೋನಿಗೆ ಬರುತ್ತಾಳೆ.

ಈ ವಿಷಯ ಪೊನಿರಾಗೆ ತಿಳಿದದ್ದು ಶನಿವಾರ ಬೆಳಿಗ್ಗೆ, ಕಪಾಟಿನ ಬಟ್ಟೆಯಡಿಯಿಂದ ಪಾಸ್‌ಪೋರ್ಟು, ಸೋಮವಾರದ ಸುರಬಾಯಾ ಬಸ್ಸಿನ ಚೀಟಿಯ ಜೊತೆ, ಮೇಜಿಗೆ ಬಂದಿದ್ದನ್ನು ನೋಡಿ. ಮಧ್ಯಾಹ್ನ, ಮರುದಿನದ ವ್ಯಾಪಾರಕ್ಕೆ ಇಬ್ಬರೂ ಹಿತ್ತಿಲಲ್ಲಿ ಹುರಿದ ಕಡಲೆಕಾಯಿಯ ಸಿಪ್ಪೆ ಉಜ್ಜುತ್ತ ಕೂತಿದ್ದರು.

"ಹೊರಟಿದೀಯಾ?"

"ಇನ್ನೂ ನಿಶ್ಚಯ ಇಲ್ಲ."

"ಪಾಸ್‌ಪೋರ್ಟು ಗಾಳಿ ಕುಡಿಯೋಕೆ ಹೊರಗೆ ಬಂದಿದ್ಯಾ? ನನ್ನ ಹತ್ರ ಸುಳ್ಳು ಹೇಳ್ಬೇಡ."

"ನಾನಿಲ್ಲಿದ್ದು ಯಾರಿಗೆ ಏನಾಗ್ಬೇಕವ್ವಾ? ನಿಂಗೆ ಸೋಪು ದಂಡ. ಅಪ್ಪಂಗೆ ಸಿಗರೇಟು ದಂಡ. ಅವಳಿಗೆ ನಾನು ನೆಂಟಳು. ದೂರ ಇದ್ದಾಗ ಒಂದು ಕತೆಗಾದ್ರೂ ನಾನು ಬೇಕಿತ್ತು. ಅರ್ಧ ಕತೆ ನನ್ನ ಹತ್ರ ಇರ್ತಿತ್ತು, ಅದಕ್ಕಾದ್ರೂ ಫೋನ್ ಕಾಯ್ತಿದ್ಲು."

ಪೊನಿರಾ ಮೊರದಲ್ಲಿ ಕಡಲೆಕಾಯಿ ಕೇರಿ ಸಿಪ್ಪೆ ಹಾರಿಸಿದಳು. ಆಮೇಲೆ ಮೊರ ಕೆಳಗಿಟ್ಟಳು.

"ಯಾವ ಅರ್ಧ ಕತೆ? ಅವಳು ಪೂರ್ತಿ ಕೇಳ್ತಿದ್ಲು."

"ಏನು?"

"ಮೊದಲ ವರ್ಷ ಗೊತ್ತಿರಲಿಲ್ಲ ಪಾಪ, ಎಲ್ಲಿ ಬಿಟ್ಟಿದ್ಯೋ ಅಲ್ಲಿಂದಲೇ ಕೇಳ್ತಿದ್ಲು. ಆಮೇಲೆ ಕಲಿತ್ಕೊಂಡ್ಲು. ಬೆಳಿಗ್ಗೆ ನಾನು ಚಟ್ನಿ ರುಬ್ಬೋವಾಗ ಜೋರಾಗಿ ಹಾಕೋಳು, ಮೊದಲಿಂದ. ಊರ ದೆವ್ವಗಳೆಲ್ಲ ನನ್ನ ಒರಳಿನ ಸುತ್ತ ಕೂತಿರೋವು. ಭಾನುವಾರ ನೋಡಿದ್ರೆ, ಏನೂ ತಿಳೀದೋಳ ಥರ, 'ಅಮ್ಮಾ ಮೊದಲು ಏನಾಯ್ತು?' ನಾನು ಬೈದೆ ಒಂದಿನ. ಕೇಳಿದ್ದನ್ನೇ ಮತ್ತೆ ಯಾಕೆ ಕೇಳ್ತೀಯೇ, ಅವಳ ದುಡ್ಡು ಹಾಳು ಅಂತ."

"ಏನಂದ್ಲು?"

"'ಸುಮ್ನಿರು ಅವ್ವಾ, ಅಮ್ಮ ಹೇಳಿದ್ರೇನೇ ಚೆನ್ನಾಗಿರುತ್ತೆ' ಅಂದ್ಲು. ಹನ್ನೊಂದೋ ಹನ್ನೆರಡೋ ವರ್ಷ ಆಗ ಅವಳಿಗೆ."

ಲಾಸ್ಮಿಯ ಕೈಯೊಳಗಿನ ಕಡಲೆಕಾಯಿ ಹಾಗೇ ಉಳಿಯಿತು. ಆರು ವರ್ಷ. ಆರು ವರ್ಷದ ಭಾನುವಾರಗಳು. ಪ್ರತಿ ಸಲವೂ "ಅಯ್ಯೋ ಹೌದಾ!" ಎಂದು ಮಗಳು ಬೆಚ್ಚಿಬಿದ್ದದ್ದು, "ಆಮೇಲೆ?" ಎಂದದ್ದು. ಸುತಿನಿಯ ಹಾಗೆ ಹೆದರಿದ್ದು. ಕಣ್ಣಿಗೆ ನೀರು ಬಂತು; ಜೊತೆಗೇ ನಗುವೂ ಬಂತು. ತಾನು ಮಾತ್ರ ಪೆದ್ದಿಯ ಹಾಗೆ, ಕೊನೆ ಏನಾಗುವುದೋ ಎಂದು ವಾರವೆಲ್ಲ ಒದ್ದಾಡುತ್ತ, ಮಾತಿಗೆ ತಪ್ಪದೆ ಅರ್ಧಕ್ಕೇ ನಿಲ್ಲಿಸಿದ್ದಳಲ್ಲ!

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅವ್ವಾ?"

"ಅವಳು ಹೇಳ್ಬೇಡ ಅಂದಿದ್ಲು. ಹೇಳ್ತಿರಲೂ ಇಲ್ಲ. ನೀನು ಹೊರಟು ನಿಂತೆ, ಅದಕ್ಕೆ ಹೇಳ್ದೆ." ಪೊನಿರಾ ಮೂಗು ಒರೆಸಿಕೊಂಡು ಮೊರ ಎತ್ತಿಕೊಂಡಳು. "ಹೋಗು, ಮಾತಾಡು. ಇಲ್ಲಿ ಕೂತು ನನ್ನ ಕಡಲೆಕಾಯಿ ನೆನೆಸ್ಬೇಡ."

ಲಾಸ್ಮಿ ಎದ್ದು ಸೆರಗಿಲ್ಲದ ನೈಟಿಯಲ್ಲೇ ಮುಖ ಒರೆಸಿಕೊಂಡು ಮಗಳ ರೂಮಿನ ಬಾಗಿಲಿಗೆ ಹೋದಳು. ನಾವಂಗ್ ಮಂಚದ ಮೇಲೆ ಅಂಗಾತ ಮಲಗಿದ್ದಳು. ಒಂದು ಕಿವಿಯ ಇಯರ್‌ಫೋನ್ ತೆಗೆದು ನೋಡಿದಳು.

"ಏನಮ್ಮಾ?"

ಹೇಳಬೇಕಾದದ್ದೆಲ್ಲ ಲಾಸ್ಮಿಯ ನಾಲಿಗೆಯ ತುದಿಯಲ್ಲೇ ಇತ್ತು. ಮಗಳ ಮುಖ ನೋಡಿದಳು. ತನಗಿಂತ ಎತ್ತರದ, ತುಟಿಯ ಮೇಲೆ ಯಾವಾಗ ಬಂತೋ ತಿಳಿಯದ ಮಚ್ಚೆಯ ಒಬ್ಬ ಹೆಂಗಸಿನ ಮುಖ.

"ಸೋಪು ಮುಗಿದಿದೆ," ಎಂದಳು ಲಾಸ್ಮಿ.

"ತರ್ತೀನಿ ಬಿಡಿ."

ಲಾಸ್ಮಿ ತನ್ನ ಬಾಯಿಗೆ ತಾನೇ ಶಾಪ ಹಾಕಿಕೊಂಡು ಹೊರಗೆ ಬಂದಳು. ಜಗುಲಿಯಲ್ಲಿ ಸಾದಿಕುನ್ ನಿದ್ದೆ ಮಾಡುತ್ತಿದ್ದ. ಅವಳು ಮನೆ ಸುತ್ತಿ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಫೋನ್ ತೆಗೆದಳು. ಮಗಳ ನಂಬರು ಒತ್ತಿದಳು. ಒಳಗೆ ರೂಮಿನಲ್ಲಿ ಫೋನು ಹೊಡೆದುಕೊಂಡದ್ದು ಕಿಟಕಿಯಿಂದ ಕೇಳಿಸಿತು. ಬಹಳ ಹೊತ್ತು ಹೊಡೆದುಕೊಂಡಿತು.

"ಹಲೋ?" ಎಂದಳು ನಾವಂಗ್. "ಎಲ್ಲಿದೀರ?"

"ಹಿಂದುಗಡೆ. ಒಗೆಯೋ ಕಲ್ಲಿನ ಹತ್ರ."

"ಮತ್ತೆ ಫೋನ್ ಯಾಕೆ?"

"ಮುಖ ನೋಡಿದ್ರೆ ನಂಗೆ ಸೋಪು ಬಿಟ್ಟು ಏನೂ ಬಾಯಿಗೆ ಬರಲ್ಲ ಕಣೇ. ಏನು ಮಾಡ್ಲಿ? ಫೋನಲ್ಲೇ ನಿನ್ನ ಬೆಳೆಸಿದೀನಿ."

ಆ ಕಡೆಯಿಂದ ಒಂದು ಸಣ್ಣ ನಗು. "ನಂಗೂ ಅಷ್ಟೇ. ಎದುರು ಬಂದ್ರೆ ನೀನು ಯಾರೋ ಅನ್ಸುತ್ತೆ. ದನಿ ಮಾತ್ರ ಅಮ್ಮಂದು."

"ಪೂರ್ತಿ ಕೇಳ್ತಿದ್ಯಂತೆ."

"ಏನು?"

"ಕತೆ. ಮೊದಲಿಂದ. ಅವ್ವ ಹೇಳಿದ್ಲು."

"ಈ ಅವ್ವನ ಬಾಯಲ್ಲಿ ಒಂದು ಮಾತು ನಿಲ್ಲಲ್ಲ!"

"ಯಾಕೆ ಮತ್ತೆ ನನ್ನ ಕೇಳ್ತಿದ್ದೆ?"

"ಕೇಳದಿದ್ರೆ ನೀನೇನು ಮಾತಾಡ್ತಿದ್ದೆ? ಊಟ ಆಯ್ತಾ, ಓದಿದ್ಯಾ, ಅವ್ವನ ಮಾತು ಕೇಳು. ಐದು ನಿಮಿಷ. ಕತೆ ಇದ್ರೆ ಒಂದು ಗಂಟೆ ಇರ್ತಿದ್ದೆ."

ಲಾಸ್ಮಿ ಬಾಯಿಗೆ ಕೈ ಅಡ್ಡ ಹಿಡಿದಳು. ಕಿಟಕಿಯಿಂದ ಬಂದ ದನಿ ಒಂದು ಕಿವಿಗೆ, ಫೋನಿನ ದನಿ ಇನ್ನೊಂದು ಕಿವಿಗೆ.

"ನಿನ್ನ ಬಿಟ್ಟು ಹೋಗ್ಬೇಕು ಅಂತ ಪಟ್ಟಿ ತಗೊಂಡು ಹೋಗ್ಲಿಲ್ಲ ಅಮ್ಮಾ," ಎಂದಳು ನಾವಂಗ್. "ಒಂದೂ ಬಿಟ್ಟಿಲ್ಲ, ಬೆಕ್ಕಿಂದೂ ಬಿಟ್ಟಿಲ್ಲ. ಹಳೇದು ಮುಚ್ಚೋಕೆ ಮೊದಲು ತಗೋಬೇಕು ಅಂತ ಅವಸರ ಆಯ್ತು. ನಿಂಗೆ ಹೇಳೋಣ ಅಂತ ಎರಡು ಸಲ ಅಡಿಗೆಮನೆಗೆ ಬಂದೆ. ನೀನು ಒರಳು ಉಜ್ಜುತಿದ್ದೆ. ಮುಖ ಗಂಟಿಕ್ಕಿತ್ತು. ಹೋದೆ."

"ನಾನೂ ಹೊಸದಕ್ಕೆ ಹಾಕಿಸ್ಕೊಂಡೆ. ಎಲ್ಲಾ ಸೊನ್ನೆಯಿಂದ ಇದೆ."

"ಹ್ಞೂಂ. ನಂದೂ."

ಹಿತ್ತಿಲಿನ ಆ ತುದಿಯಲ್ಲಿ ಪೊನಿರಾ ಮೊರ ಕೇರುವುದು ನಿಂತಿತ್ತು. ಕದ್ದು ಕೇಳುತ್ತಿದ್ದಳೆನ್ನುವುದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

"ಸೋಮವಾರ ಸುರಬಾಯಾಗೆ ಹೋಗ್ತೀಯಂತೆ," ಎಂದಳು ನಾವಂಗ್.

"ಇದನ್ನೂ ಅವ್ವನೇ ಹೇಳಿದ್ಲಾ?"

"ಮತ್ಯಾರು? ಹಾಂಗ್‌ಕಾಂಗಿಗೆ ಹೋದ್ರೆ ಭಾನುವಾರ ಫೋನ್ ಮಾಡ್ತೀಯಾ?"

"ಮಾಡ್ತೀನಿ."

"ಹೋಗದಿದ್ರೆ ಮಾಡ್ತೀಯಾ?"

ಲಾಸ್ಮಿ ಕಿಟಕಿಯ ಕಡೆಗೆ ತಿರುಗಿದಳು.

"ಮಾಡ್ತೀನಿ. ಹೋಗಲ್ಲ, ಮಾಡ್ತೀನಿ."

"ಸರಿ ಹಾಗಾದ್ರೆ. ಆ ಬಾವಿ ಮನೆ ಮೊದಲರ್ಧ ಹೇಳು."

"ನೀನು ಮುಗಿಸಿದೀಯಲ್ಲೇ!"

"ಹೇಳಮ್ಮಾ."

ಲಾಸ್ಮಿ ಕಾಲು ಮೇಲೆತ್ತಿಕೊಂಡು ಕಲ್ಲಿನ ಮೇಲೆ ಸರಿಯಾಗಿ ಕೂತಳು. "ಒಂದೂರು. ಆ ಊರಿನ ಕೊನೇ ಮನೆ. ಮನೆ ಹಿಂದೆ ಬಾವಿ. ಆ ಬಾವಿ ನೀರು ಸೇದೋಕೆ ಯಾವ ಸೊಸೇನೂ ಒಬ್ಬಳೇ ಹೋಗ್ತಿರಲಿಲ್ಲ..."

"ಅಯ್ಯೋ, ಯಾಕೆ?" ಎಂದಳು ನಾವಂಗ್, ಏನೂ ತಿಳಿಯದವಳ ಹಾಗೆ.